ಒಂದೇ ನಿಮಿಷದ ಅಂಕಲ್

ಪಕ್ಕದ ಮನೆಯ ಅಂಕಲ್ "ಒಂದೇ ನಿಮಿಷ ಕಣಮ್ಮ" ಎಂದರೆ ಒಂದು ಗಂಟೆ ಹೋಯಿತೆಂದೇ ಲೆಕ್ಕ. ಅಮೆರಿಕದ ಲೆಮಾಂಟ್ ಊರಿನ ನಮ್ಮ ದೇವಸ್ಥಾನದ ಊಟದ ಸಾಲಿನಲ್ಲೂ ತಟ್ಟೆ ಹಿಡಿದುಕೊಂಡು, ನೂರೈವತ್ತು ವರ್ಷದ ಹಿಂದೆ ನಾವಿರುವ ಈ ಊರಿನಿಂದ ಗೆದ್ದಿದ್ದ ಒಬ್ಬ ಶಾಸಕನ ಕಥೆ ಹೇಳುತ್ತಿದ್ದರು. ಅವರನ್ನು ಕಂಡರೆ ನಾನು ಗರಾಜಿನ ಬಾಗಿಲು ಇಳಿಸುತ್ತಿದ್ದೆ.

ಊರಿನ ಲೈಬ್ರರಿಗೆ ಇಟ್ಟಿದ್ದ, ಯಾರಿಗೂ ನೆನಪಿಲ್ಲದ ಆ ಶಾಸಕನ ಹೆಸರನ್ನು ತೆಗೆಯಲು ಒಮ್ಮೆ ಊರಿನ ಸಭೆ ಸೇರಿತು. ಅಂಕಲ್‌ಗೆ ಮಾತಾಡಲು ಮೂರು ನಿಮಿಷ ಕೊಟ್ಟರು. ನಾನು ತಲೆ ತಗ್ಗಿಸಿ ಕೂತೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದ್ದು ಇಷ್ಟೇ: ಆತ ಶಾಸನಸಭೆಯಲ್ಲಿದ್ದದ್ದು ಒಂದೇ ಅವಧಿ, ಎದ್ದು ಮಾತಾಡಿದ್ದು ಒಂದೇ ಸಲ, ಆ ಮಾತಿನಿಂದಲೇ ಈ ಊರಿಗೆ ಲೈಬ್ರರಿ ಬಂತು.

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ಹೆಸರು ಉಳಿಯಿತು.

"ಅಂಕಲ್, ಇನ್ನೂ ಎರಡು ನಿಮಿಷ ಇತ್ತಲ್ಲ!" ಎಂದೆ, ಕಾರಿನ ಹತ್ತಿರ.

"ಅವನ ಕಥೆ ಇರೋದೇ ಅಷ್ಟು ಕಣಮ್ಮ," ಎಂದು ನಕ್ಕರು. "ಮಿಕ್ಕಿದ್ದೆಲ್ಲ ನಂದು."