ರಾಯಬಾಗದ ಅಕ್ಕೋರು ಮತ್ತು ಸಕ್ಕರೆ ಕಾರ್ಖಾನೆಯ ಕ್ಯಾಮೆರಾ

ಅಂಗಡಿಗೆ ಸುಣ್ಣ ಹೊಡೆಸಲೆಂದು ಕಪಾಟು ಖಾಲಿ ಮಾಡುತ್ತಿದ್ದಾಗ ಹಿಂದಿನ ಮೂಲೆಯಲ್ಲಿ ಒಂದು ದಪ್ಪ ರಿಮೋಟ್ ಸಿಕ್ಕಿತು. ಮುಚ್ಚಳ ತೆಗೆದರೆ ಸೆಲ್ಲುಗಳು ಸೋರಿ ಹಸಿರುಗಟ್ಟಿದ್ದವು. ಹುಳಿ ವಾಸನೆ ಮೂಗಿಗೆ ಬಡಿಯಿತು. "ಒಗೀರಿ ಅತ್ಲಾಗ" ಎಂದಳು ಹೆಂಡತಿ. ನನಗೆ ಒಗೆಯಲಾಗಲಿಲ್ಲ. ಅದರ ಗುಂಡಿಗಳ ಮೇಲಿನ ಅಕ್ಷರ ಅಳಿಸಿದ್ದು ರಾಯಬಾಗದ ಅಕ್ಕೋರ ಹೆಬ್ಬೆರಳು.

ಅಕ್ಕೋರು ರಾಯಬಾಗದ ಕಿವುಡ ಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ತಾಲೂಕು ಊರುಗಳಿಗೆ ಬ್ರಾಡ್‌ಬ್ಯಾಂಡ್ ಆಗ ತಾನೇ ಕಾಲಿಟ್ಟಿತ್ತು. ನಾನು ಚಿಕ್ಕೋಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಬಹಳ ದಿನವಾಗಿರಲಿಲ್ಲ. ಗಿರಾಕಿ ಕಡಿಮೆ, ಹಮ್ಮು ಜಾಸ್ತಿ. ಒಂದು ಮಧ್ಯಾಹ್ನ ಕಣ್ಣು ಕುಕ್ಕುವ ಇಳಕಲ್ ಸೀರೆ, ಎರಡೂ ಕೈತುಂಬ ಹಸಿರು ಬಳೆ ತೊಟ್ಟ ಹೆಂಗಸೊಬ್ಬರು ಬಂದು, ಕೇಳದೇ ಕುರ್ಚಿ ಎಳೆದುಕೊಂಡು ಕುಳಿತರು. ಅವರ ಹಮ್ಮಿನ ಮುಂದೆ ನನ್ನದು ಏನೂ ಅಲ್ಲವೆಂದು ಅಂದೇ ಗೊತ್ತಾಯಿತು.

"ಆಗೂದಿಲ್ಲ ಅಂತ ಹೇಳಾಕ ನಮ್ಮ ಕಮಿಟಿಯವರ ಅದಾರ. ನೀವು ಹೆಂಗ ಆಗತೈತಿ ಅಷ್ಟ ಹೇಳ್ರಿ" ಎಂದರು.

ಸಂಗತಿ ಇಷ್ಟು. ಅವರ ಶಾಲೆಗೆ ಕಾಗವಾಡದಲ್ಲಿ ಒಂದು ಶಾಖೆ ಇತ್ತು. ಅಲ್ಲಿ ಸನ್ನೆ ಭಾಷೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದ ಶಿಕ್ಷಕರು ಕೆಲಸ ಬಿಟ್ಟು ಹೋಗಿದ್ದರು. ಅದನ್ನು ಕಲಿಸಬಲ್ಲವರು ಇನ್ನು ಅಕ್ಕೋರೊಬ್ಬರೇ, ಅವರು ಇರುವುದು ರಾಯಬಾಗದಲ್ಲಿ. ಕಾಗವಾಡದ ಎಂಟನೇ ತರಗತಿ ಮುಚ್ಚಿಬಿಡೋಣ ಎಂದಿತು ಕಮಿಟಿ. ಅಲ್ಲಿ ಓದುತ್ತಿದ್ದವರೆಲ್ಲ ಹುಡುಗಿಯರು, ರಾಯಬಾಗದ ಹಾಸ್ಟೆಲ್ಲಿಗೆ ಕಳಿಸಲು ಯಾವ ಮನೆಯವರೂ ಒಪ್ಪಲಿಲ್ಲ. ಹತ್ತಿರದ ಹಳ್ಳಿ ಜುಗೂಳದ ಒಬ್ಬ ತಂದೆ ಅಕ್ಕೋರ ಮುಂದೆಯೇ ಹೇಳಿದ್ದನಂತೆ: "ನಮ್ಮ ಹುಡುಗಿಗಿ ಮಾತ ಬರೂದಿಲ್ರಿ. ಅಲ್ಲಿ ಏನಾರ ಆತಂದ್ರ ಯಾರಿಗಿ ಹೇಳ್ಯಾಳು?"

ಅಕ್ಕೋರ ಬಳಿ ಇದ್ದದ್ದು ಒಂದು ಪೆಟ್ಟಿಗೆ. ಸಕ್ಕರೆ ಕಾರ್ಖಾನೆಯೊಂದು ತನ್ನ ಸಭಾಂಗಣದ ಹಳೆಯ ವಿಡಿಯೋ ಕಾನ್ಫರೆನ್ಸ್ ಯಂತ್ರವನ್ನು ಶಾಲೆಗೆ ದಾನ ಮಾಡಿತ್ತು. ಟಿವಿಯ ಮೇಲೆ ಕೂರಿಸುವ, ರಿಮೋಟ್ ಒತ್ತಿದರೆ ಕತ್ತು ಹೊರಳಿಸುವ ದೊಡ್ಡ ಕ್ಯಾಮೆರಾ. ಆಗಿನ ಚಿಲ್ಲರೆ ವೆಬ್‌ಕ್ಯಾಮಿನಲ್ಲಿ ದೂರ ನಿಂತವರ ಬೆರಳು ಕಾಣುತ್ತಿರಲಿಲ್ಲ, ಇದರಲ್ಲಿ ಉಗುರೂ ಕಾಣುತ್ತಿತ್ತು. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಷ್ಟರಲ್ಲಿ ಇದರಿಂದ ಪಾಠ ಮಾಡಿ ತೋರಿಸಿದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಕಮಿಟಿಯ ಚೇರಮನ್ನರಿಂದ ಅಕ್ಕೋರು ಅಷ್ಟು ಮಾತು ತೆಗೆದುಕೊಂಡು ಬಂದಿದ್ದರು.

ಆ ಪೆಟ್ಟಿಗೆ ಹಳೆಯ ಕಾಲದ ಒಂದು ರೀತಿಯಲ್ಲಿ ಮಾತ್ರ ವ್ಯವಹರಿಸುತ್ತಿತ್ತು. ಮಂದಿ ಬಳಸುತ್ತಿದ್ದ ಚಾಟ್ ತಂತ್ರಾಂಶಗಳಿಗೆ ಅದರ ಗುರುತೇ ಇರಲಿಲ್ಲ. ಮಾಡಿದ ಕಂಪನಿಯವರಿಗೆ ಫೋನ್ ಹಚ್ಚಿದರೆ ಆ ಮಾದರಿ ನಿಂತುಹೋಗಿದೆ, ಹೊಸ ಜೋಡಿ ಕೊಳ್ಳಿರಿ ಎಂದರು. ಆ ಜೋಡಿಯ ಬೆಲೆಗೆ ಶಾಲೆಯನ್ನೇ ಇನ್ನೊಮ್ಮೆ ಕಟ್ಟಬಹುದಿತ್ತು. ಉಳಿದದ್ದು ಓಪನ್ ಸೋರ್ಸ್. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು, ಒಳಗೆ ಕೈಹಾಕಿ ತಿದ್ದಿಕೊಳ್ಳಬಹುದಾದ ತಂತ್ರಾಂಶ. ಹುಡುಕಿದೆ. ಕೆಲವು ನನ್ನ ಕಂಪ್ಯೂಟರಿನಲ್ಲಿ ಕೂರಲೇ ಇಲ್ಲ. ಮತ್ತೊಂದು ತಂತ್ರಾಂಶ, ಪೆಟ್ಟಿಗೆಗೆ ಕರೆ ಮಾಡಿದರೂ, ಅತ್ತಲಿಂದ ಎತ್ತಿದ ಕೂಡಲೇ ತಾನೇ ಕಟ್ ಆಗುತ್ತಿತ್ತು. ದೂರದೇಶದ ಯಾರೋ ಹಟವಾದಿಗಳು ಹಳೆಯ ಯಂತ್ರಗಳಿಗೆಂದೇ ಬರೆದಿಟ್ಟಿದ್ದ ಇನ್ನೊಂದು ಕೊನೆಗೆ ಸಿಕ್ಕಿತು. ಪೆಟ್ಟಿಗೆಯನ್ನು ರಾಯಬಾಗದಲ್ಲಿ ಇಟ್ಟು, ಕಾಗವಾಡದ ಶಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರಿಗೆ ಆ ತಂತ್ರಾಂಶವನ್ನೂ, ಹತ್ತಿರ ನಿಂತವರ ಮಟ್ಟಿಗೆ ಸಾಕಾಗುವ ಒಂದು ವೆಬ್‌ಕ್ಯಾಮನ್ನೂ ಹಾಕಿ ಕರೆ ಮಾಡಿದೆ. ರಾಯಬಾಗದ ಅಕ್ಕೋರು ಸೀರೆಯ ಅಂಚಿನ ಸಮೇತ ಪರದೆಯ ಮೇಲೆ ಬಂದು ಕುಳಿತರು…

ಚಿತ್ರ ಬಂತು, ಧ್ವನಿ ಬರಲಿಲ್ಲ.

ನಾನು ಬಿಡುವ ಪೈಕಿ ಅಲ್ಲ. ದಿನಗಟ್ಟಲೆ ಧ್ವನಿಯ ಬೆನ್ನು ಹತ್ತಿದೆ. ಪೆಟ್ಟಿಗೆ ಧ್ವನಿಯನ್ನು ಕಟ್ಟಿ ಕಳಿಸುವ ಬಗೆ ಒಂದು, ತಂತ್ರಾಂಶ ಬಿಚ್ಚುವ ಬಗೆ ಇನ್ನೊಂದು. ಮೈಕಿಗೆ ಬಾಯಿ ಹಚ್ಚಿ ಹಲೋ ಹಲೋ ಎಂದು ಒದರಿ ಗಂಟಲು ಕಟ್ಟಿತ್ತು. ಹೀಗೆ ಒದರುತ್ತಿದ್ದಾಗ ಒಂದು ದಿನ ಬೆನ್ನ ಹಿಂದೆ ಏನೋ ಗಲಿಬಿಲಿ ಅನ್ನಿಸಿತು. ತಿರುಗಿದರೆ ರಜೆಯಲ್ಲೂ ಶಾಲೆಗೆ ಬಂದಿದ್ದ ಜುಗೂಳದ ಆ ಹುಡುಗಿ ಪರದೆಯ ಕಡೆ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಳು, ಪರದೆಯೊಳಗೆ ಅಕ್ಕೋರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ನನ್ನ ಮೊಬೈಲ್ ಹೊಡೆದುಕೊಂಡಿತು.

"ಈ ಮನಷ್ಯಾ ಪೆಟಗಿಗಿ ಯಾಕ ಬಾಯಿ ಮಾಡಾಕತ್ತಾನ ಅಂತ ಕೇಳಾಕತ್ತಾಳ್ರಿ ಆಕಿ" ಎಂದರು ಅಕ್ಕೋರು. "ಧ್ವನಿ ಬಿಟ್ಟುಬಿಡ್ರಿ ಇನ್ನ. ಇಲ್ಲಿ ಯಾರಿಗಿ ಬೇಕಾಗೇತಿ ಅದು? ನನ್ನ ಕೈಬೆರಳ ಕಲಸಿ ಹೋಗಾಕತ್ತಾವಂತ, ಅದನ್ನ ನೋಡ್ರಿ ಮೊದಲ."

ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಳ್ಳುವಂತಿತ್ತು. ಕಿವುಡ ಮಕ್ಕಳ ಶಾಲೆಯಲ್ಲಿ ಕೂತು ಧ್ವನಿಗಾಗಿ ಜೀವ ತೇಯುತ್ತಿದ್ದೆ. ಅಂದೇ ಧ್ವನಿಯನ್ನು ಪೂರ್ತಿ ಮುಚ್ಚಿದೆ. ತಂತಿಯಲ್ಲಿ ಅದಕ್ಕೆ ಹೋಗುತ್ತಿದ್ದ ಜಾಗವೂ ಚಿತ್ರಕ್ಕೇ ಸಿಕ್ಕಿತು. ಚಿತ್ರ ಎಷ್ಟು ಸ್ಪಷ್ಟ, ಎಷ್ಟು ಚುರುಕು ಎಂದು ಆರಿಸಿಕೊಳ್ಳುವ ಸೌಲಭ್ಯ ಎರಡೂ ಕಡೆ ಇತ್ತು. ಬೆರಳ ಓಟ ಕಲಸದಿರಲೆಂದು ಸ್ಪಷ್ಟತೆ ಇಳಿಸಿ ಚುರುಕು ಏರಿಸಿದೆ. ಆದರೂ ಹೂವಿನ ಸೀರೆಯ ಮುಂದೆ ಬೆರಳು ಮರೆಯಾಗುತ್ತಿದ್ದವು, ಬಳೆಯ ಹೊಳಪಿಗೆ ಮಣಿಕಟ್ಟೇ ಕಾಣುತ್ತಿರಲಿಲ್ಲ. ಸೀರೆಯ ಮೇಲೆ ಅಷ್ಟು ಜೀವವಿದ್ದ ಅಕ್ಕೋರು ಮರುದಿನವೇ ಒಂದು ಸಾದಾ ಕರೀನೀಲಿ ಸೀರೆ ಉಟ್ಟು ಬಂದರು. ಬಳೆ ತೆಗೆದಿಡಿ ಎಂದು ಸಹಶಿಕ್ಷಕಿಯೊಬ್ಬರು ಹೇಳಿದರೆ ಮಾತ್ರ ಸಿಟ್ಟಾದರು. "ಯಾಕ ತೆಗೀಲಿ? ನಮ್ಮ ಯಜಮಾನ್ರು ಚಲೋತ್ನಂಗ ಅದಾರ." ಮಕ್ಕಳ ಸಮವಸ್ತ್ರದ ಕರಿ ಕಾಲುಚೀಲ ತಂದು, ತುದಿ ಕತ್ತರಿಸಿ, ಬಳೆಗಳ ಮೇಲೆ ಏರಿಸಿಕೊಂಡರು. ಆ ವೇಷದಲ್ಲಿ ಅವರನ್ನು ನೋಡಿ ನಗದವರಿಲ್ಲ, ಅವರೂ ನಕ್ಕರು.

ಚೇರಮನ್ನರು ಪರೀಕ್ಷೆಗೆಂದು ಕಾಗವಾಡಕ್ಕೆ ಬಂದ ದಿನ ಹುಡುಗಿಯರ ಮನೆಯವರೂ ಬಂದಿದ್ದರು. "ಆವಾಜ್ ಕುಠೆ ಆಹೆ?" ಧ್ವನಿ ಎಲ್ಲಿ ಎಂದು ಚೇರಮನ್ನರು ಮರಾಠಿಯಲ್ಲಿ ಗದರಿಸಿದರು. ಯಂತ್ರ ಕೆಟ್ಟಿದೆಯೆಂದೇ ಅವರ ತೀರ್ಮಾನ. ನಾನು ಬಾಯಿ ತೆರೆಯುವ ಮೊದಲೇ ಪಾಠ ಸುರುವಾಗಿತ್ತು. ಅಕ್ಕೋರು ತ್ರಿಕೋನದ ಲೆಕ್ಕವೊಂದನ್ನು ಕೊಟ್ಟರು, ಜುಗೂಳದ ಹುಡುಗಿ ಉತ್ತರ ಹೇಳಿದಳು. ಅಕ್ಕೋರು ತಪ್ಪು ಎಂದರು, ಆಕೆ ಒಪ್ಪಲಿಲ್ಲ. ಬೋರ್ಡಿಗೆ ಓಡಿ ಗೆರೆ ಎಳೆದು, ಮತ್ತೆ ಕ್ಯಾಮೆರಾ ಮುಂದೆ ಬಂದು, ಎರಡೂ ಕೈಯಿಂದ ವಾದ ಹೂಡಿದಳು. ಕಡೆಗೆ ಅಕ್ಕೋರೇ ಸೋತು ತಲೆಯಾಡಿಸಿದರು. ಅವಳ ತಂದೆ ಗೋಡೆಗೆ ಆತು ನಿಂತಿದ್ದ. ಮಗಳ ಕೈಗಳನ್ನು ಬಿಟ್ಟು ಬೇರೆ ಎಲ್ಲಿಯೂ ಅವನ ಕಣ್ಣು ಹೋಗಲಿಲ್ಲ.

"ಎಷ್ಟ ಮಾತಾಡ್ತಾಳ್ರೀ ಇಕಿ" ಎಂದ, ನನ್ನ ಕಡೆ ತಿರುಗದೆ.

ಚೇರಮನ್ನರು ಮತ್ತೆ ಆವಾಜಿನ ಸುದ್ದಿ ಎತ್ತಲಿಲ್ಲ. ತರಗತಿ ಉಳಿಯಿತು. ಮಳೆಗಾಲದಲ್ಲಿ ಫೋನಿನ ತಂತಿ ಕೈಕೊಟ್ಟಾಗ ಅಕ್ಕೋರು ಬಸ್ಸು ಹಿಡಿದು ಹೋಗುತ್ತಿದ್ದರು, ಉಳಿದಂತೆ ಪೆಟ್ಟಿಗೆ ದುಡಿಯಿತು. ಆ ಹುಡುಗಿಯರು ಹತ್ತನೆಯ ತರಗತಿ ಪಾಸಾದರು. ಜುಗೂಳದವಳು ಮುಂದೆ ಕಲಿತು, ಈಗ ರಾಯಬಾಗದ ಅದೇ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾಳೆ. ನಾನು ಆ ಕಡೆ ಹೋದಾಗಲೆಲ್ಲ ಆಕೆ ಏನಾದರೂ ಹೇಳಿ ನನ್ನನ್ನು ಕಿಚಾಯಿಸುವಳು. ಅಕ್ಕೋರು ಅದನ್ನು ನನಗೆ ಕನ್ನಡದಲ್ಲಿ ಹೇಳಿ, ನನ್ನ ಉತ್ತರವನ್ನು ಅವಳಿಗೆ ಸನ್ನೆಯಲ್ಲಿ ದಾಟಿಸುವರು. ನನ್ನ ಮಾತಿಗೆ ತಮ್ಮದೊಂದಿಷ್ಟು ಸೇರಿಸುತ್ತಿದ್ದರೆಂದು ನನಗೆ ಗುಮಾನಿ. ಹಾಗೆ ನಮ್ಮ ಹರಟೆ ವರ್ಷಗಟ್ಟಲೆ ನಡೆಯಿತು, ನಾನು ಒಂದು ಸನ್ನೆಯನ್ನೂ ಸರಿಯಾಗಿ ಕಲಿಯುವ ಗೋಜಿಗೆ ಹೋಗಲಿಲ್ಲ…

ಅಕ್ಕೋರು ತೀರಿಕೊಂಡ ಸುದ್ದಿ ತಿಳಿದು ಹೋದ ತಿಂಗಳು ರಾಯಬಾಗಕ್ಕೆ ಹೋದೆ. ಶಾಲೆಯ ಅಂಗಳದಲ್ಲಿ ಜುಗೂಳದ ಹುಡುಗಿ ನನ್ನನ್ನು ಕಂಡು ಹತ್ತಿರ ಬಂದಳು. ಕಣ್ಣೊರೆಸಿಕೊಂಡು ಕೈಯೆತ್ತಿ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ಅಕ್ಕೋರ ಕೊನೆಯ ದಿನಗಳ ಮಾತೇ ಇರಬೇಕು, ನಡುವೆ ಒಮ್ಮೆ ನನ್ನತ್ತಲೂ ಬೆರಳು ತೋರಿಸಿದಳು. ಏನೆಂದಳು ಎಂದು ಕೇಳಲು ನಾನು ರೂಢಿಯಂತೆ ಪಕ್ಕಕ್ಕೆ ತಿರುಗಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.