ಎಡಗಣ್ಣು ಬರೆದಾಗಿತ್ತು, ಬಲಗಣ್ಣು ಬಾಕಿ

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಅಕ್ಕ ಗೊಂಬೆಯ ಎಡಗಣ್ಣು ಬರೆದು ಮುಗಿಸಿದ್ದಳು. ಬಲಗಣ್ಣಿಗೆ ಕುಂಚ ಎತ್ತಿದಳು. ಬರೆಯಲಿಕ್ಕೆ ಆಗಲಿಲ್ಲ.

ಟೈಮು ಇಷ್ಟು ಸರಿಯಾಗಿ ಹೇಗೆ ನೆನಪಿದೆ ಅಂತೀರಾ? ಶಿರಸಿಗೆ ವಾಪಸಾಗುವ ಬಸ್ಸು ತಪ್ಪೀತು ಎಂದು ಆಗಷ್ಟೇ ಮೊಬೈಲ್ ನೋಡಿದ್ದೆ. ಇವತ್ತಿಗೂ ಆ ಹೊತ್ತಾದರೆ ಎದೆ ಧಸಕ್ ಅನ್ನುತ್ತದೆ. ಚಹಾ ಕುಡಿಯುವ ಒಳ್ಳೆಯ ಟೈಮೊಂದು ಹಾಳಾಗಿ ಹೋಯಿತು ನೋಡಿ!

ಈ ಅಂಕಣ ಕೆಲವು ವಾರ ಯಾಕೆ ಬರಲಿಲ್ಲ ಎಂದು ಫೋನು ಮಾಡಿದವರಿಗೆಲ್ಲ ಇದೇ ಉತ್ತರ. (ಬಾರದೇ ಇದ್ದದ್ದು ಗೊತ್ತೇ ಆಗದವರಿಗೂ ಇದೇ ಉತ್ತರ. ನೀವು ಇದ್ದೀರಿ ಎಂದು ನನಗೆ ಗೊತ್ತು.)

ನನ್ನ ಅಕ್ಕ ವಸುಧಾ ಇರುವುದು ಸಿದ್ದಾಪುರದಲ್ಲಿ. ಶಾಲೆಯಲ್ಲಿ ಕ್ರಾಫ್ಟ್ ಟೀಚರ್ ಆಗಿದ್ದಳು. ನಿವೃತ್ತಿಯಾದ ಮೇಲೆ ಟಿ.ವಿ. ನೋಡಿಕೊಂಡು ಕೂರುತ್ತಾಳೆ ಎಂದುಕೊಂಡಿದ್ದೆವು. ಅವಳು ಉಳಿ ಹಿಡಿದಳು. ಹಗುರ ಮರದಲ್ಲಿ ಗೇಣುದ್ದದ ಗೊಂಬೆ ಕೊರೆಯುವುದು, ಅದಕ್ಕೆ ಬಟ್ಟೆ ಹೊಲಿದು ಉಡಿಸುವುದು. ರಾಜ-ರಾಣಿ ಅಲ್ಲ. ನಮ್ಮ ಊರಿನ ಹೆಂಗಸರು! ಸ್ಕೂಟಿ ಹೊಡೆಯುವವಳು. ಬಸ್ಸಿಗೆ ಕೈ ಅಡ್ಡ ಹಿಡಿದವಳು. ಮೊಬೈಲನ್ನು ತಲೆಯ ಮೇಲೆ ಎತ್ತಿ ನೆಟ್‌ವರ್ಕ್ ಹುಡುಕುವವಳು. ಈ ಕೊನೆಯವಳನ್ನು ನೋಡಿ ನಗದವರು ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇಲ್ಲ.

ಗೊಂಬೆ ಕೂಡಿಡುವವರ ವಾಟ್ಸಾಪ್ ಗ್ರೂಪು ಇದೆ ಎಂಬುದು ನಿಮಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ. ಅಕ್ಕನ ಗೊಂಬೆಗಳಿಗೆ ಅಲ್ಲಿ ಭಾರೀ ಡಿಮ್ಯಾಂಡು. ಗ್ರೂಪಿನಲ್ಲಿ ಅತ್ಯಂತ ದೊಡ್ಡ ಗೊಂಬೆ ಹುಚ್ಚ ಯಾರು ಎಂದರೆ ಕಿರವತ್ತಿಯ ಹೈವೇ ಪಕ್ಕದ ಢಾಬಾ ಮಾಲೀಕ ಮಲ್ಲಣ್ಣ. ಗಲ್ಲಾದ ಹಿಂದೆ ಗಾಜಿನ ಕಪಾಟು, ಅದರ ತುಂಬ ಗೊಂಬೆ. ಊಟಕ್ಕೆ ನಿಲ್ಲಿಸುವ ಲಾರಿ ಡ್ರೈವರುಗಳು ಹೋದ ಹೋದ ರಾಜ್ಯದಿಂದ ತಂದುಕೊಟ್ಟವು.

ಈ ಮಲ್ಲಣ್ಣ ಒಂದು ದಿನ ನಾನು ಅಲ್ಲಿದ್ದಾಗಲೇ ಮನೆಗೆ ಬಂದು ಅಕ್ಕನಿಗೆ ಆರ್ಡರ್ ಕೊಟ್ಟ, ಊರ ಹೆಂಗಸರ ಪೂರ್ತಿ ಸೆಟ್ ಬೇಕು ಎಂದು. ಒಂದೇ ಕಂಡೀಷನ್ನು.

“ಮುಖಾ ಮಾತ್ರ ಬರೀಬ್ಯಾಡ್ರಿ ಅಕ್ಕಾರ. ಖಾಲಿ ಬಿಡ್ರಿ.”

“ಯಾಕೆ? ನನ್ನ ಕೈಬರಹ ಚೆನ್ನಾಗಿಲ್ಲವಾ?” ಅಕ್ಕನಿಗೆ ಟೀಚರ್ ಸಿಟ್ಟು ಬಂತು.

“ಹಂಗಲ್ರಿ. ನನ್ನ ಕಪಾಟಿನ್ಯಾಗ ಒಂದು ಮುಖಾ ಇಲ್ಲದ ಗೊಂಬಿ ಐತ್ರಿ. ಬಂದ ಡ್ರೈವರ್ ಎಲ್ಲಾ ಅದನ್ನ ನೋಡಿ ‘ಥೇಟ್ ನನ್ನ ಮಗಳು’ ಅಂತಾರ್ರಿ. ಕಣ್ಣು ಮೂಗು ಇದ್ದ ಗೊಂಬೀಗೆ ಯಾರೂ ಹಂಗ ಅನ್ನಂಗಿಲ್ರಿ. ನೀವು ಬರದ್ರ ಅದು ನಿಮ್ಮ ಗೊಂಬಿ. ಬರೀಲಿಲ್ಲಂದ್ರ ಎಲ್ಲಾರ ಗೊಂಬಿ.”

ಎಂಥ ಮಾತು! ನಾನು ಅಲ್ಲೇ ಪಾರ್ಟಿ ಬದಲಿಸಿ ಮಲ್ಲಣ್ಣನ ಕಡೆ ಸೇರಿದೆ. ಅಕ್ಕ ಜಗ್ಗಲಿಲ್ಲ.

“ಕಣ್ಣು ಬರೀದೇ ಇದ್ದ ಗೊಂಬೆ ಮನೆ ಬಿಟ್ಟು ಹೋಪಲಾಗ” ಎಂದಳು. ಹೋಗಕೂಡದಂತೆ!

“ಅಕ್ಕಾ, ಗೊಂಬೆಗೆ ಕಣ್ಣು ಎಂತಕ್ಕೆ? ಅದು ಎಂತ ಪೇಪರ್ ಓದ್ತಾ?”

“ನಿನ್ನ ಅಂಕಣ ಓದೋದು ಬ್ಯಾಡ, ಪಾಪ.”

ಅಕ್ಕ ಈ ಕೆಲಸ ಕಲಿತದ್ದು ಗಣಪತಿ ಮಾಡುವ ಗುಡಿಗಾರರೊಬ್ಬರ ಮನೆಯಲ್ಲಿ. ಅವರ ಪದ್ಧತಿಯನ್ನೇ ಅವಳು ಗೊಂಬೆಗಳಿಗೂ ಹಿಡಿದಿದ್ದಾಳೆ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಕಣ್ಣು. ಅದಕ್ಕೆ ಮೊದಲು ಪಕ್ಕದಲ್ಲಿ ಎಣ್ಣೆ ದೀಪ ಹಚ್ಚಬೇಕು. ಯಾರೂ ನಡುವೆ ಬರಬಾರದು, ಹಾಗಾಗಿ ಬಾಗಿಲಿಗೆ ಚಿಲಕ. ಗೊಂಬೆಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು, ಹಾಗಾಗಿ ಎದುರಿಗೆ ಒಬ್ಬರು ಕನ್ನಡಿ ಹಿಡಿಯಬೇಕು. ಆ ದಿನ ಹಿಡಿದವಳು ನಾನು.

ಪದ್ಧತಿಯಲ್ಲಿ ತಪ್ಪೇನೂ ಇಲ್ಲ. ಮೊದಲೆಲ್ಲ ನೀರಲ್ಲಿ ಕಲಸಿದ ಬಣ್ಣ. ದೀಪ ಅದಕ್ಕೆ ಏನು ಮಾಡೀತು? ಆದರೆ ಈ ಸಲದ ಗೊಂಬೆಗಳು ಹೋಗುವುದು ಢಾಬಾಕ್ಕೆ. ಹೊಗೆ, ಒಗ್ಗರಣೆ, ಹೈವೇ ಧೂಳು. ಒರೆಸಿದರೆ ಹೋಗುವಂತಿರಲಿ ಎಂದು ಅಕ್ಕ ಹೊಸದಾಗಿ ವಾರ್ನಿಶ್ ತರಿಸಿದ್ದಳು. ಜೊತೆಗೆ ಥಿನ್ನರ್ ಡಬ್ಬಿ. ಬೆಳಗಿನಿಂದ ಅದೇ ಕೋಣೆಯಲ್ಲಿ ಗೊಂಬೆಗಳ ಮೈಗೆಲ್ಲ ವಾರ್ನಿಶ್ ಹೊಡೆದಿದ್ದಳು. ಹಸಿ ಮೇಲ್ಮೈಗೆ ಧೂಳು ಕೂತೀತೆಂದು ಕಿಟಕಿ ಮುಚ್ಚಿದ್ದಳು. ಡಬ್ಬಿ ತೆರೆದೇ ಇತ್ತು. ಹೊಸ ಡಬ್ಬಿ, ಹಳೇ ದೀಪ, ಮುಚ್ಚಿದ ಕೋಣೆ. ಇಬ್ಬರೂ ಅದರೊಳಗೆ ಭಕ್ತಿಯಿಂದ ಕೂತಿದ್ದೆವು. (ನಾನು ಡಿಗ್ರಿಯಲ್ಲಿ ಕೆಮಿಸ್ಟ್ರಿ ಓದಿದವಳು. ದಯವಿಟ್ಟು ಯಾರಿಗೂ ಹೇಳಬೇಡಿ.)

ಮೊದಲಿಗೆ ಕೂತವಳು ನೆಟ್‌ವರ್ಕ್ ಹುಡುಕುವವಳು. ಅವಳ ಎಡಗಣ್ಣು ಮುಗಿಯಿತು. ಬಲಗಣ್ಣಿಗೆ ಕುಂಚ ಎತ್ತಿದಾಗ ಎಡ ರೆಪ್ಪೆಯ ಹತ್ತಿರ ಕಪ್ಪು ಸ್ವಲ್ಪ ಹರಡಿದ್ದು ಕಂಡಿತು. ಒರೆಸಲಿಕ್ಕೆಂದು ಅಕ್ಕ ಬಟ್ಟೆಯ ತುದಿಯನ್ನು ಥಿನ್ನರಿನಲ್ಲಿ ಅದ್ದಿ, ದೀಪದ ಮೇಲಿಂದಲೇ ಕೈ ತಂದಳು.

ಭಗ್!

ಬೆಂಕಿಯನ್ನು ನಾನು ನೇರ ನೋಡಲೇ ಇಲ್ಲ. ಮೊದಲು ಕಂಡಿದ್ದು ಕನ್ನಡಿಯಲ್ಲಿ. ಕನ್ನಡಿಯನ್ನು ಸ್ವಲ್ಪ ನನ್ನ ಕಡೆಗೇ ಓರೆ ಹಿಡಿದಿದ್ದೆ. ಅದರೊಳಗೆ ನೀಲಿ ಬಣ್ಣದ್ದೇನೋ ಮೇಜಿನ ಮೇಲೆ ಓಡಿತು. ನೀರು ಚೆಲ್ಲಿದಂತೆ ಓಡಿತು. ಅದರ ನಡುವೆ ಅಕ್ಕನ ಮುಖ. ಆಮೇಲೆ ಮುಖ ಇಲ್ಲ, ಬರೀ ಹಳದಿ.

ಕನ್ನಡಿ ಕೈಜಾರಿ ಒಡೆಯಿತು. ಅಕ್ಕ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಒಂದೇ ಮಾತು ಕೂಗುತ್ತಿದ್ದಳು. ಏನೆಂದು ಊಹಿಸಿ. “ತಂಗಿ, ಗೊಂಬೆ ತೆಗಿ! ಗೊಂಬೆ ತೆಗಿ!”

ಗೊಂಬೆಯ ಮನೆ ಹಾಳಾಗ! ನಾನು ಮಂಚದ ಮೇಲಿದ್ದ ಕಂಬಳಿ ಎಳೆದು ಮೇಜಿಗೆ ಮೇಜೇ ಮುಚ್ಚಿದೆ. ಅಕ್ಕನ ರಟ್ಟೆ ಹಿಡಿದು ಬಾಗಿಲಿಗೆ ಬಂದೆ. ಚಿಲಕ! ದಿನಾ ಬೆರಳಲ್ಲಿ ತೆಗೆಯುವ ಚಿಲಕ. ಬರುವುದೇ ಇಲ್ಲ. ಎಳೆಯಬೇಕಾದ್ದನ್ನು ನಾನು ದೂಡುತ್ತಿದ್ದೆ ಎಂದು ಗೊತ್ತಾಗಲು ಎಷ್ಟು ಹೊತ್ತು ಹಿಡಿಯಿತೋ. ಈಗಲೂ ಕಣ್ಣು ಮುಚ್ಚಿದರೆ ನನ್ನ ಬೆರಳುಗಳು ಆ ಚಿಲಕದ ಮೇಲೇ ಇರುತ್ತವೆ. ದೂಡುತ್ತಲೇ ಇರುತ್ತವೆ.

ಹೊರಗೆ ಬಂದೆವು. ಬಾವಿಕಟ್ಟೆಯಲ್ಲಿ ಕೊಡಗಟ್ಟಲೆ ತಣ್ಣೀರು ಅವಳ ಮುಖಕ್ಕೆ ಸುರಿದೆ. ಎದುರುಮನೆಯವರು ಓಮ್ನಿ ತೆಗೆದರು. ಶಿರಸಿಯ ತನಕ ಅಕ್ಕ ನನ್ನ ಕೈ ಬಿಡಲಿಲ್ಲ, ಕಣ್ಣು ತೆರೆಯಲಿಲ್ಲ.

ಡಾಕ್ಟರು ಹೇಳಿದರು, “ರೆಪ್ಪೆ ಸರಿಯಾದ ಹೊತ್ತಿಗೆ ಮುಚ್ಚಿಕೊಂಡಿದೆ. ಚರ್ಮ ಮಾಯುತ್ತದೆ. ಆದರೆ ನೋಟದ ವಿಷಯ ಪಟ್ಟಿ ಬಿಚ್ಚಿದ ಮೇಲೇ ಹೇಳುತ್ತೇನೆ.”

ಕೂದಲೆಳೆಯಷ್ಟು ಸಪೂರ ಕುಂಚದಲ್ಲಿ ಸಾಸಿವೆಯಷ್ಟು ದೊಡ್ಡ ಕಣ್ಣು ಬರೆಯುವವಳು ನನ್ನ ಅಕ್ಕ. ಅವಳಿಗೆ ಕಣ್ಣು ಮಂಜಾದರೆ ಉಳಿಯುವುದೇನು? ಪಟ್ಟಿ ಬಿಚ್ಚುವ ದಿನದವರೆಗೆ ನಾನು ಮಾಡಿಕೊಳ್ಳದ ಹರಕೆ ಇಲ್ಲ.

ಬಿಚ್ಚಿದರು. ನಾನು ಎದುರಿಗೇ ಕೂತಿದ್ದೆ.

“ಎಂತ ಕಾಣ್ತು ಅಕ್ಕಾ?”

ಅಕ್ಕ ತುಂಬ ಹೊತ್ತು ನೋಡಿದಳು. “ನಿನ್ನ ಮೂಗು ಕಾಣ್ತು. ಮೊದಲಿಗಿಂತ ದೊಡ್ಡಾಯ್ದು.”

ಆಸ್ಪತ್ರೆ ಎಂಬುದನ್ನೂ ಮರೆತು ನಾನು ಕೂಗಿಬಿಟ್ಟೆ. ನರ್ಸು ಬಂದು ಬೈದಳು. ಬೈಯಲಿ!

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಮನೆಗೆ ಬಂದು ಅಕ್ಕ ಮುಖ ನೋಡಿಕೊಂಡಳು. ಹುಬ್ಬು ಇಲ್ಲ. ರೆಪ್ಪೆಗೂದಲು ಇಲ್ಲ. ಎಲ್ಲ ಸುಟ್ಟುಹೋಗಿ ಹೊಸ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. “ಆನೇ ಒಂದು ಖಾಲಿ ಗೊಂಬೆ ಆಯ್ದೆ” ಎಂದಳು. ತಾನೇ ಖಾಲಿ ಗೊಂಬೆ ಆದೆನೆಂದು ನಗಿಸಲಿಕ್ಕೆ ಹೇಳಿದಳೋ ಏನೋ, ನಗು ಬರಲಿಲ್ಲ.

ಆಮೇಲೆ ಕುಂಚ ಹಿಡಿದು ನೋಡಿದಳು. ಕೈ ನಡುಗಿತು. ಮತ್ತೆ ಹಿಡಿದಳು. ಮತ್ತೆ ನಡುಗಿತು. ಕೆಳಗಿಟ್ಟಳು.

“ಮಲ್ಲಣ್ಣ ಹೇಳಿದ್ದೇ ಸರಿ. ಆನು ಇನ್ನು ಮುಖ ಬರೀತ್ನಿಲ್ಲೆ. ಎಲ್ಲ ಖಾಲಿಯೇ ಇರ್ಲಿ.”

ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಮುಖ ಬರೆಯುವುದಿಲ್ಲ ಎಂದರೆ ಕಣ್ಣಿಲ್ಲ. ಕಣ್ಣಿಲ್ಲ ಎಂದರೆ ದೀಪ ಇಲ್ಲ, ಚಿಲಕ ಇಲ್ಲ, ಭಗ್ ಇಲ್ಲ. ಖಾಲಿ ಮುಖದ ಪರವಾಗಿ ನಾನು ಭಾಷಣವನ್ನೇ ಮಾಡಿದೆ. ಮಾಡರ್ನ್ ಅಂದೆ. ಟ್ರೆಂಡ್ ಅಂದೆ. ವಾಟ್ಸಾಪಿನಲ್ಲಿ ಅರ್ಧ ಜನರ ಡಿಪಿಗೆ ಮುಖವೇ ಇಲ್ಲ, ಅವರೆಲ್ಲ ಬದುಕಿಲ್ಲವಾ ಅಂದೆ. (ಮುಖ ಇಲ್ಲದ ಡಿಪಿಯವರೇ ಗ್ರೂಪಿನಲ್ಲಿ ಹೆಚ್ಚು ಜಗಳ ಆಡುವುದು ಎಂಬುದನ್ನು ಮಾತ್ರ ಹೇಳಲಿಲ್ಲ.)

ಅಕ್ಕ ತಲೆ ಆಡಿಸಿದಳು. ಆದರೆ ನಿದ್ದೆ? ಅವಳಿಗೂ ಇಲ್ಲ, ಜೊತೆಗೆ ಉಳಿದ ನನಗೂ ಇಲ್ಲ. ಬೆಳಿಗ್ಗೆ ಇಬ್ಬರ ಮುಖವೂ ಇಡ್ಲಿ ಹಿಟ್ಟಿನಂತೆ ಉಬ್ಬಿರುತ್ತಿತ್ತು. ನಾನು ಗ್ಯಾಸ್ ಆಫ್ ಆಗಿದೆಯಾ ಎಂದು ನೋಡಲು ಏಳುವುದು. ಅವಳು ಶೆಲ್ಫು ನೋಡಲು ಏಳುವುದು. ಶೆಲ್ಫಿನ ಮೇಲೆ ಆ ನೆಟ್‌ವರ್ಕ್ ಹುಡುಕುವವಳು. ಕಂಬಳಿಯ ಅಡಿಯಲ್ಲಿ ಹೇಗೋ ಉಳಿದಿದ್ದಳು, ಬಲಗೆನ್ನೆ ಕಂದಿತ್ತು. (ಮೂಲೆಯಲ್ಲಿ ಒಣಗಲಿಟ್ಟಿದ್ದ ಉಳಿದವರಿಗೆ ಬಿಸಿ ತಾಗಿರಲಿಲ್ಲ.) ಎಡಗಣ್ಣು ಇದೆ, ಬಲಗಣ್ಣು ಇಲ್ಲ.

“ಅದು ಅರ್ಧಕ್ಕೆ ನಿಂತಿದ್ದು ಮಾರಾಯ್ತಿ” ಎನ್ನುತ್ತಿದ್ದಳು ಅಕ್ಕ. “ಒಂದು ಬದಿಗೆ ಕಾಣ್ತು, ಒಂದು ಬದಿಗೆ ಇಲ್ಲೆ.”

ಆ ಒಂದು ಕಣ್ಣನ್ನೂ ಒರೆಸಿಬಿಡು ಎಂದೆ. ಅವಳು ಕೇಳಿಸಿಕೊಳ್ಳದವಳಂತೆ ಒಳಗೆ ಹೋದಳು.

ಒಂದು ಬೆಳಿಗ್ಗೆ ಮಲ್ಲಣ್ಣ ಬಂದ. ಯಲ್ಲಾಪುರ ಪೇಟೆಯಲ್ಲಿ ಕಿತ್ತಳೆ, ಬ್ರೆಡ್ಡು ಎಲ್ಲ ಹೇರಿಕೊಂಡು ಬೈಕಿನಲ್ಲೇ ಬಂದಿದ್ದ. “ನಾ ಬರೀಬ್ಯಾಡ್ರಿ ಅಂತ ಬಡಕೊಂಡಿದ್ನಲ್ರಿ ಅಕ್ಕಾರ” ಎಂದು ಕಣ್ಣೊರೆಸಿಕೊಂಡ.

“ನಿಮ್ಮ ಮಾತೇ ಆಯಿತು ಮಲ್ಲಣ್ಣ. ಎಲ್ಲ ಖಾಲಿ ಮುಖ. ತೆಗೆದುಕೊಂಡು ಹೋಗಿ” ಎಂದಳು ಅಕ್ಕ.

ಮಲ್ಲಣ್ಣ ಅವಳ ಮುಖವನ್ನೇ ನೋಡಿದ. ಓರೆಯಾಗಿ ನೋಡಿದ. ಬಗ್ಗಿ ನೋಡಿದ. ಕುರ್ಚಿಯ ತುದಿಗೆ ಸರಿದ.

“ಅಕ್ಕಾರ, ಸಿಟ್ಟಿಲೆ ಹೇಳಾಕತ್ತೀರೋ, ಖುಷೀಲೆ ಹೇಳಾಕತ್ತೀರೋ? ಹುಬ್ಬಿಲ್ಲದ್ದಕ್ಕ ನಂಗೊಂದೂ ತಿಳೀವಲ್ದ್ರಿ. ಅಂಜಿಕಿ ಬರಾಕತ್ತೈತಿ.”

ನಾನು ತಟ್ಟನೆ ಅಕ್ಕನ ಕಡೆ ತಿರುಗಿದೆ. ಹೌದಲ್ಲ! ಇಷ್ಟು ದಿನ ಜೊತೆಗಿದ್ದೂ ಅವಳು ಅಳುತ್ತಿದ್ದಾಳೋ ತಮಾಷೆ ಮಾಡುತ್ತಿದ್ದಾಳೋ ನನಗೂ ತಿಳಿದಿರಲಿಲ್ಲ. ನನಗೆ ಬೇಕಾದ್ದನ್ನು ನಾನೇ ಅವಳ ಮುಖದ ಮೇಲೆ ಬರೆದುಕೊಂಡಿದ್ದೆ. ಅಕ್ಕ ಸಮಾಧಾನವಾಗಿದ್ದಾಳೆ ಎಂದು ಬರೆದುಕೊಂಡಿದ್ದೆ!

ಅಕ್ಕ ಮೆಲ್ಲಗೆ ಕೇಳಿದಳು, “ಮಲ್ಲಣ್ಣ, ನಿಮ್ಮ ಡ್ರೈವರುಗಳು ‘ನನ್ನ ಮಗಳು’ ಅಂತಾರಲ್ಲ. ಮಗಳು ನಗುತ್ತಿದ್ದಾಳೋ, ಅಪ್ಪನ ಮೇಲೆ ಮುನಿಸಿಕೊಂಡಿದ್ದಾಳೋ, ಅದನ್ನು ಯಾರಾದರೂ ಹೇಳಿದ್ದಾರಾ?”

ಮಲ್ಲಣ್ಣ ಕಿತ್ತಳೆ ಸುಲಿಯಲಿಕ್ಕೆ ಶುರುಮಾಡಿದ. ಪೂರ್ತಿ ಸುಲಿದ. ತಿನ್ನಲಿಲ್ಲ.

“ಬರೀರಿ ಅಕ್ಕಾರ” ಎಂದ. “ಆದ್ರ ಆ ಬಸ್ಸಿಗೆ ಕೈ ಮಾಡಾಕಿ ಒಬ್ಬಾಕಿನ್ನ ಖಾಲಿ ಬಿಡ್ರಿ. ಆಕಿ ಯಾರ ಮಗಳಾದ್ರೂ ಇರ್ಲಿ.”

ಹಟಮಾರಿ! ಅಕ್ಕ ಒಪ್ಪಿದಳು. (ಆ ವಾದದಲ್ಲಿ ಈಗಲೂ ಸ್ವಲ್ಪ ಸತ್ಯ ಇದೆ ಎಂದೇ ನನ್ನ ಅಭಿಪ್ರಾಯ. ಅಕ್ಕನ ಎದುರಿಗೆ ಹೇಳುವುದಿಲ್ಲ.)

ಮಂಗಳವಾರ ಮೇಜು ಜಗುಲಿಗೆ ಬಂತು. ಥಿನ್ನರ್ ಡಬ್ಬಿ ಮನೆಯಿಂದಲೇ ಹೊರಗೆ. ನೀರಲ್ಲಿ ಕಲಸಿದ ಬಣ್ಣ. ದೀಪ ಬೇಕೇ ಬೇಕು ಎಂದಳು, ಹಚ್ಚಿದೆವು, ಆದರೆ ಅಂಗಳದ ಆಚೆ ತುಳಸಿಕಟ್ಟೆಯಲ್ಲಿ. ಬಾಗಿಲುಗಳೆಲ್ಲ ಹಾರು ಹೊಡೆದಿದ್ದವು. ಎದುರುಮನೆಯವರು ಧಾರಾಳವಾಗಿ ಬಂದು ನಿಂತು ನೋಡಿದರು.

“ಕನ್ನಡಿ?” ಎಂದೆ.

“ಒಡೆದು ಹಾಕಿದ್ಯಲೇ. ನೀನೇ ಎದುರಿಗೆ ಕೂತ್ಗ.”

“ಮೊದಲ ನೋಟ ಮನುಷ್ಯರ ಮೇಲೆ ಬೀಳಲಾಗ ಅಂತ ನೀನೇ ಹೇಳಿದ್ದೆ ಅಲ್ದಾ?”

“ನೀ ಬೆಂಕಿಯನ್ನೇ ನೋಡಿ ಬಂದವಳು. ಹೆದ್ರಡ, ಅಲ್ಲಾಡಡ.”

ಹೆದರದೆ, ಅಲ್ಲಾಡದೆ ಕೂತೆ. ಅಕ್ಕ ಕುಂಚ ಎತ್ತಿದಳು. ಮೊಣಕೈಯನ್ನು ಮೇಜಿಗೆ ಊರಿದಳು. ಉಸಿರು ಹಿಡಿದಳು. ಯಾರೋ ಕೆಮ್ಮಿದರು, ನಾನು ಕಣ್ಣಲ್ಲೇ ಗದರಿಸಿದೆ. ಒಂದು ಗೆರೆ. ಅದರ ಕೆಳಗೆ ಇನ್ನೊಂದು. ನಡುವೆ ಒಂದು ಚುಕ್ಕೆ.

ಕುಂಚ ಸರಿಯಿತು. ಗೊಂಬೆ ನನ್ನನ್ನು ನೋಡಿತು!

ಕಂದಿದ ಕೆನ್ನೆ, ಎತ್ತಿದ ಕೈ, ಎರಡೂ ಕಣ್ಣು. ಬಲಗಣ್ಣು ಕೂದಲೆಳೆಯಷ್ಟು ಮೇಲಕ್ಕೆ ಬಂದಿತ್ತು. ಕೈ ನಡುಗಿದ್ದಕ್ಕೆ. ಅದರಿಂದಲೇ ಇರಬೇಕು, ಈಗಷ್ಟೇ ಟವರು ಸಿಕ್ಕವಳಂತೆ ಕಾಣುತ್ತಿದ್ದಳು. ನಾನು ಹೋ ಎಂದು ನಕ್ಕೆ. ಅಕ್ಕನೂ ನಕ್ಕಳು. ಹುಬ್ಬಿಲ್ಲದಿದ್ದರೂ ಈ ಸಲ ಗೊತ್ತಾಯಿತು.

ಆ ಮಂಗಳವಾರ ಮಲಗಿದವರು ಬುಧವಾರ ಹಾಲಿನವನು ಬಾಗಿಲು ಬಡಿದಾಗಲೇ ಎದ್ದದ್ದು. ಗೊಂಬೆಗೆ ಕಣ್ಣು ಯಾಕೆ ಎಂದು ಕೇಳಿದ್ದೆನಲ್ಲ? ಮನೆಯಲ್ಲಿ ಒಬ್ಬರಾದರೂ ಕಣ್ಣು ಬಿಟ್ಟುಕೊಂಡಿದ್ದರೆ ತಾನೇ ಉಳಿದವರು ಮುಚ್ಚಬಹುದು!