ಜ್ವರದ ಸರದಿ

ಬಸುರಿ ಮೌನೇಶ್ವರಿಗೆ ಜ್ವರ ದಿನ ಬಿಟ್ಟು ದಿನ ಬರುತ್ತಿತ್ತು. ಬಿಟ್ಟ ದಿನ ಅವಳು ಮರುದಿನದ ಜೋಳದ ರೊಟ್ಟಿಯನ್ನೂ ಬಡಿದು, ನೀರು ತುಂಬಿಟ್ಟು, ಭತ್ತದ ನಾಟಿಗೆ ಹೋಗುತ್ತಿದ್ದಳು. ಹಾಗಾಗಿ ಸಿಂಧನೂರು ಬಳಿಯ ಆ ಮನೆಯಲ್ಲಿ ಅವಳ ಕಾಯಿಲೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಆಶಾ ಕಾರ್ಯಕರ್ತೆ ಅಮರೇಶ್ವರಿ ಬಾಗಿಲಲ್ಲಿ ನಿಂತು ಕೇಳಿದಳು: “ಯಾರಿಗರ ಚಳಿಜ್ವರ ಬಂದಾವೇನ್ರಿ?”

“ಯಾರಿಗೂ ಇಲ್ಲವ್ವ,” ಎಂದಳು ಅತ್ತೆ. “ಸೊಸಿ ನೋಡು, ಗುಂಡಕಲ್ಲಿನಂಗ ಕುಂತು ರೊಟ್ಟಿ ಬಡಿಯಾಕತ್ತಾಳ.”

ಹೌದೆಂದರೆ ನಾಳೆಯ ರೊಟ್ಟಿ ಬಡಿಯುವವರು ಯಾರು? ಮೌನೇಶ್ವರಿ ಮುಂದಿನ ಉಂಡೆ ಎತ್ತಿಕೊಂಡು ಬಡಿಯತೊಡಗಿದಳು. ಅಮರೇಶ್ವರಿ ಚೀಲ ಹೆಗಲಿಗೇರಿಸಿ ಹೊರಟಳು. ನಿನ್ನೆ ಜ್ವರ ಏರಿದಾಗಿನಿಂದ ಮೌನೇಶ್ವರಿಯ ಹೊಟ್ಟೆಯೊಳಗಿನ ಕೂಸು ಮಿಸುಕಿರಲಿಲ್ಲ.

“ನಿಲ್ರಿ ಅಕ್ಕಾರ. ಜ್ವರದ ಸರದಿ ನಾಳಿಗೆ ಐತಿ. ಇವತ್ತ ರಕ್ತ ತಗೋರಿ.”

ಹಿಟ್ಟು ಒರೆಸಿಕೊಂಡು ಬೆರಳು ಚಾಚಿದಳು.

“ಮತ್ತ ರೊಟ್ಟಿ?” ಎಂದಳು ಅತ್ತೆ.

“ಹಂಚಿನ ಮ್ಯಾಲೆ ಐತ್ರಿ ಅತ್ತಿ. ತಿರುವಿ ಹಾಕ್ರಿ.”